ಸಂಘದ ಕಲಿಕಾ ತರಗತಿ ವರ್ಷಗಟ್ಟಲೆ ನಡೆಯಬೇಕಾದರೆ ಏನು ಮಾಡಬೇಕು?

ಪೀಣ್ಯ ಫಿಟ್ಟರ್
ನಮ್ಮದು ಮಷಿನ್ ಶಾಪ್‌ನ ಕಾರ್ಮಿಕ ಸಂಘ, 280 ಸದಸ್ಯರು, ಮೂರು ಶಿಫ್ಟ್. ಪೇ ಸ್ಲಿಪ್, ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕಾರ್ಮಿಕರ ವಿಮೆ), ಸುರಕ್ಷತೆ ಕುರಿತು ಸದಸ್ಯರಿಗೆ ತರಗತಿ ನಡೆಸಲು ನಮ್ಮ ಸಮಿತಿ ತೀರ್ಮಾನಿಸಿದೆ. ಇಂಥವು ಶುರುವಿನಲ್ಲಿ ಭರ್ತಿಯಾಗಿ ಆಮೇಲೆ ನಾಲ್ಕೈದು ಜನಕ್ಕೆ ಇಳಿಯುತ್ತವೆ. ಸಮಯ, ಕಲಿಸುವವರು, ದುಡ್ಡು ಮೂರನ್ನೂ ಹೊಂದಿಸುವುದು ಹೇಗೆ? ಅನುಭವಸ್ಥರು ಬಿಡಿಸಿ ಹೇಳಿ.

ಶಿಫ್ಟ್ ಪಟ್ಟಿ
ಜನಕ್ಕೆ ಆಸಕ್ತಿಯಿಲ್ಲ ಅಂತ ಮಾತ್ರ ತೀರ್ಮಾನಿಸಬೇಡಿ ಸಾರ್. ಮೊದಲು ಶಿಫ್ಟ್ ಪಟ್ಟಿ, ಬಸ್ಸಿನ ವೇಳೆ ನೋಡಿ. ಶನಿವಾರ ಸಂಜೆ ಅಂತ ಇಟ್ಟರೆ ಸೆಕೆಂಡ್ ಶಿಫ್ಟ್‌ನವರು ಮಷಿನ್ ಮುಂದೆ ಇರುತ್ತಾರೆ, ನೈಟ್ ಶಿಫ್ಟ್‌ನವರು ಡ್ಯೂಟಿಗೆ ಮುಂಚೆ ಒಂದಿಷ್ಟು ಮಲಗಲು ನೋಡುತ್ತಾರೆ. ಎರಡು ಪಾಠ ತಪ್ಪಿದವರು ಮೂರನೆಯದಕ್ಕೆ ಬರುವುದೇ ಇಲ್ಲ.

6-2, 2-10, 10-6 ಶಿಫ್ಟ್ ವಾರವಾರ ತಿರುಗುವುದಾದರೆ ಒಂದೇ ಪಾಠವನ್ನು ಮೂರು ವಾರ ಮಾಡಿ. ಪ್ರತಿ ಬುಧವಾರ 2.15ರಿಂದ 3ರವರೆಗೆ, ಫಸ್ಟ್ ಶಿಫ್ಟ್ ಮುಗಿಸಿದವರಿಗೆ ಮಾತ್ರ. ಶಿಫ್ಟ್ ತಿರುಗಿದ ಹಾಗೆ ಮೂರೂ ಬ್ಯಾಚಿಗೆ ಅದೇ ಪಾಠ ಮುಟ್ಟುತ್ತದೆ. ವರ್ಷಕ್ಕೆ 17 ಪಾಠ, ಧಾರಾಳವಾಯಿತು. ಆದರೆ 2.20ಕ್ಕೆ ಕಂಪನಿ ಬಸ್ ಹೊರಟರೆ ಒಬ್ಬರೂ ಉಳಿಯುವುದಿಲ್ಲ. ಬುಧವಾರ ಒಂದು ಬಸ್ಸನ್ನಾದರೂ 3.10ಕ್ಕೆ ಬಿಡುವುದಾಗಿ ಎಚ್‌ಆರ್ ಕಡೆಯಿಂದ ಬರಹದಲ್ಲಿ ಪಡೆಯಿರಿ.

ಕಲಿಸುವವರು ಬ್ಯಾಚಿಗೆ ನಾಲ್ವರು, ಒಟ್ಟು 12 ಜನ, ಎಲ್ಲರೂ ಶಾಪ್‌ನವರೇ ಆಗಿರಲಿ. ಒಂದು ಗುಂಪಿಗೆ 15-20 ಜನ, ಇಬ್ಬರು ಕಲಿಸುವವರು. ಒಬ್ಬರೇ ಆದರೆ ಅವರು ರಜೆ ಹಾಕಿದ ದಿನ ಪಾಠವೂ ರಜೆ. 1958ರಲ್ಲಿ ಶುರುವಾದ ಕೇಂದ್ರೀಯ ಕಾರ್ಮಿಕ ಶಿಕ್ಷಣ ಮಂಡಳಿಯ ಯೋಜನೆಯೂ ಹೀಗೇ ಇತ್ತು: ಶಿಕ್ಷಣಾಧಿಕಾರಿ ಕಾರ್ಮಿಕ ಶಿಕ್ಷಕರನ್ನು ತಯಾರು ಮಾಡಬೇಕು, ಅವರು ತಮ್ಮ ಕಾರ್ಖಾನೆಯಲ್ಲಿ ತರಗತಿ ನಡೆಸಬೇಕು.

ಮೊದಲ ಪಾಠಕ್ಕೆ ಅವರವರ ಪೇ ಸ್ಲಿಪ್ಪನ್ನೇ ತರಲು ಹೇಳಿ. ಬೇಸಿಕ್, ಡಿಎ ಸೇರಿ 15,000 ಇದ್ದರೆ ಪಿಎಫ್‌ಗೆ ಕಾರ್ಮಿಕರ ಪಾಲು 12%, ಅಂದರೆ 1,800. ಕಂಪನಿಯೂ 1,800 ಕಟ್ಟುತ್ತದೆ, ಆದರೆ ಅದರಲ್ಲಿ 1,250 ಪಿಂಚಣಿಗೆ ಹೋಗಿ ಪಿಎಫ್ ಖಾತೆಗೆ ಬೀಳುವುದು 550. ಪಾಸ್‌ಬುಕ್ಕಿನಲ್ಲಿ ಕಂಪನಿ ಪಾಲು ಕಡಿಮೆ ಕಂಡು ಮೋಸವಾಯಿತು ಅಂದುಕೊಂಡವರು ಬೇಕಾದಷ್ಟು ಜನ ಇದ್ದಾರೆ. ಈ ಲೆಕ್ಕ ಒಮ್ಮೆ ತಲೆಗೆ ಹೋದರೆ ಮುಂದಿನ ಪಾಠಕ್ಕೆ ಅವರೇ ಪಕ್ಕದವರನ್ನು ಕರೆತರುತ್ತಾರೆ.

ಖಜಾಂಚಿ
ಹೊರಗಿನ ಅನುದಾನ ನೆಚ್ಚಬೇಡಿ. ಬ್ರಿಟನ್ನಿನಲ್ಲಿ 1998ರಿಂದ ಸರ್ಕಾರದ ದುಡ್ಡಿನಲ್ಲಿ ಯೂನಿಯನ್ ಲರ್ನಿಂಗ್ ಫಂಡ್, ಅಂದರೆ ಸಂಘಗಳ ಕಲಿಕಾ ನಿಧಿ, ನಡೆಯುತ್ತಿತ್ತು. ಇಂಗ್ಲೆಂಡಿನ ಮಟ್ಟಿಗೆ 2021ರ ಮಾರ್ಚಿಗೆ ಸರ್ಕಾರ ಅದನ್ನು ನಿಲ್ಲಿಸಿತು. ಸಹೋದ್ಯೋಗಿಗಳ ಕಲಿಕೆ ನೋಡಿಕೊಳ್ಳುವ ಸಂಘದ ಕಲಿಕಾ ಪ್ರತಿನಿಧಿಗೆ ಸಂಬಳ ಸಹಿತ ಬಿಡುವು ಕೊಡುವ ನಿಯಮ ಮಾತ್ರ ಉಳಿಯಿತು, ಏಕೆಂದರೆ ಅದು 2002ರ ಉದ್ಯೋಗ ಕಾಯ್ದೆಯಲ್ಲೇ ಬಂದದ್ದು. ನಮ್ಮಲ್ಲಿ ಅಂಥ ಕಾನೂನಿಲ್ಲ, ಹಾಗಾಗಿ ಮುಂದಿನ ಬೇಡಿಕೆ ಪಟ್ಟಿಯಲ್ಲೇ ಬರೆಯಿರಿ: ಕಲಿಸುವ 12 ಜನರಿಗೆ ವರ್ಷಕ್ಕೆ ಇಷ್ಟು ದಿನ ಸಂಬಳ ಸಹಿತ ತರಬೇತಿ ರಜೆ. ಬಾಯಿಮಾತಿನ ಒಪ್ಪಿಗೆ ಮ್ಯಾನೇಜರ್ ಬದಲಾದರೆ ಮುಗಿಯಿತು.

ದುಡ್ಡಿಗೆ ತಿಂಗಳಿಗೆ ತಲಾ 5 ರೂಪಾಯಿ, ವರ್ಷಕ್ಕೆ 16,800. ಜೆರಾಕ್ಸ್, ಟೀ, ಮಾರ್ಕರ್ ಪೆನ್ನಿಗೆ ಸಾಕು. ಸರ್ವಸದಸ್ಯರ ಸಭೆಯ ಠರಾವು ಮಾಡಿಸಿ, ಲೆಡ್ಜರಿನಲ್ಲಿ 'ಶಿಕ್ಷಣ ನಿಧಿ' ಅಂತ ಪ್ರತ್ಯೇಕ ತಲೆಬರಹ ತೆರೆಯಿರಿ. ಸಾಮಾನ್ಯ ನಿಧಿಯಲ್ಲಿ ಬೆರೆಸಿದರೆ ಮೊದಲ ಕೋರ್ಟ್ ಕೇಸಿಗೇ ಖಾಲಿ.

ಪೀಣ್ಯ ಫಿಟ್ಟರ್
ತುಂಬಾ ಉಪಯೋಗವಾಯಿತು. ಕಾಂಟ್ರಾಕ್ಟ್ ಕಾರ್ಮಿಕರನ್ನು ಸೇರಿಸಬಹುದೇ? ಅವರು ಸದಸ್ಯರಲ್ಲ.

ಹೊಲಿಗೆ ಲೈನ್
ಖಂಡಿತ ಸೇರಿಸಿ ಅಣ್ಣ. ಕಡಿತದ ಗೊಂದಲ ಹೆಚ್ಚಿರುವುದು ಅವರಿಗೇ. ಇಎಸ್‌ಐಗೆ ಅವರ ಕೂಲಿಯಲ್ಲಿ 0.75% ಹಿಡಿಯುತ್ತಾರೆ, ಎಷ್ಟೋ ಜನರ ಹತ್ತಿರ ವಿಮಾ ಸಂಖ್ಯೆಯೇ ಇರುವುದಿಲ್ಲ.

ಹೆಣ್ಣುಮಕ್ಕಳಿದ್ದರೆ ಶಿಫ್ಟ್ ಮುಗಿದ ಮೇಲಿನ ಪಾಠ ಆಗುವುದಿಲ್ಲ, ಮಗುವನ್ನು ಕರೆದುಕೊಂಡು ಬರಲು ಓಡಬೇಕು. ಊಟದ ಅರ್ಧ ಗಂಟೆಯಲ್ಲಿ ಕೊನೆಯ 10 ನಿಮಿಷ, ಒಂದೇ ವಿಷಯ. ಅಥವಾ ಭಾನುವಾರ ಅವರು ಇರುವ ವಠಾರದಲ್ಲೇ ಮಾಡಿ.

ಇನ್ನೊಂದು. ಪಿಎಫ್ ಪಾಸ್‌ಬುಕ್ಕನ್ನು ಮೊಬೈಲಿನಲ್ಲಿ ತೋರಿಸುವ ಪಾಠ ಕೆಡುವುದು ಒಟಿಪಿಯಿಂದ. ಯುಎಎನ್‌ಗೆ (ಪಿಎಫ್ ಸದಸ್ಯರ ಕಾಯಂ ಸಂಖ್ಯೆ) ಹಳೆಯ ಮೊಬೈಲ್ ನಂಬರ್ ಜೋಡಿಸಿರುತ್ತಾರೆ, ಒಟಿಪಿ ಅಲ್ಲಿಗೆ ಹೋಗುತ್ತದೆ, ಇಡೀ ಗುಂಪು ಸುಮ್ಮನೆ ಕೂರಬೇಕು. ಆ ನಂಬರ್ ಬದಲಿಸಲು ಆಧಾರ್‌ಗೆ ಜೋಡಿಸಿದ ನಂಬರಿಗೆ ಬರುವ ಒಟಿಪಿ ಬೇಕು. ಒಂದು ವಾರ ಮೊದಲೇ ಒಂದು ಹಾಳೆಯಲ್ಲಿ ಹೆಸರು, ಈಗಿನ ನಂಬರ್, ಆಧಾರ್‌ಗೆ ಜೋಡಿಸಿರುವ ನಂಬರ್ ಬರೆಸಿಕೊಳ್ಳಿ. ಹೊಂದದವರನ್ನು ಆಧಾರ್ ಕೇಂದ್ರಕ್ಕೆ ಕಳಿಸಿ, ಮುಂದಿನ ಸುತ್ತಿನಲ್ಲಿ ಕೂರಿಸಿಕೊಳ್ಳಿ.