‘ತಕರಾರು ಉಳಿಸಿಕೊಳ್ಳುವುದು’ ಅನ್ನಬಹುದೇ?

ಶಿರಸಿಯಲ್ಲಿ ಕೂತು ಅಮೆರಿಕದ ಕೋರ್ಟುಗಳ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಪ್ರಿಸರ್ವಿಂಗ್ ಆನ್ ಇಷ್ಯೂ ಫಾರ್ ಅಪೀಲ್’ ಎನ್ನುವಲ್ಲಿ ಪೆನ್ನು ನಿಂತಿದೆ. ಅರ್ಥ ಗೊತ್ತು. ಕೆಳಗಿನ ಕೋರ್ಟಿನಲ್ಲಿ ಕೇಸು ನಡೆಯುವಾಗಲೇ ತಕರಾರು ತೆಗೆಯಬೇಕು, ಕಾರಣ ಹೇಳಬೇಕು, ಅದು ದಾಖಲೆಗೆ ಬರಬೇಕು. ಆಗ ಸುಮ್ನಿದ್ದು ಅಪೀಲಿನಲ್ಲಿ ಬಾಯಿಬಿಟ್ಟರೆ ಮೇಲಿನ ಕೋರ್ಟು ಸಾಮಾನ್ಯವಾಗಿ ಕಿವಿಗೆ ಹಾಕಿಕೊಳ್ಳುವುದಿಲ್ಲ.

‘ಸಂರಕ್ಷಿಸು’ ಎಂದರೆ ಅಪ್ಪೆಮಿಡಿಯನ್ನು ಉಪ್ಪುನೀರಿಗೆ ಹಾಕಿಟ್ಟ ಹಾಗೆ ಕೇಳುತ್ತದೆ. ‘ಕಾಯ್ದಿರಿಸು’ ಹಿಡಿಸಿತ್ತು. ಆದರೆ ‘ತೀರ್ಪು ಕಾಯ್ದಿರಿಸಲಾಗಿದೆ’ ಎಂದು ಪೇಪರಿನಲ್ಲಿ ಓದುತ್ತಲೇ ಇರುತ್ತೇವಲ್ಲ, ಅದು ನ್ಯಾಯಾಧೀಶರ ಕೆಲಸ. ಇದು ವಕೀಲರದ್ದು.

‘ಇಷ್ಯೂ’ ಕೂಡ ಸಲೀಸಲ್ಲ. ನಮ್ಮ ಸಿವಿಲ್ ದಾವೆಯಲ್ಲಿ ‘ವಿವಾದಾಂಶ’ ಎಂದರೆ ಎರಡೂ ಕಡೆಯವರು ಬರೆದುಕೊಟ್ಟದ್ದನ್ನು ನೋಡಿ ನ್ಯಾಯಾಧೀಶರು ಗೊತ್ತುಪಡಿಸುವ ಪ್ರಶ್ನೆ. ಲೇಖನದ ‘ಇಷ್ಯೂ’ ಅಷ್ಟಕ್ಕೇ ನಿಲ್ಲುವುದಿಲ್ಲ. ಸಾಕ್ಷಿಗೆ ಇಂಥ ಪ್ರಶ್ನೆ ಕೇಳಬಾರದಿತ್ತು ಎನ್ನುವುದೂ ಅದರಲ್ಲಿ ಸೇರುತ್ತದೆ.

ಪರಿಚಯದ ವಕೀಲರೊಬ್ಬರನ್ನು ಕೇಳಿದೆ. ಅವರಲ್ಲಿ ಇದಕ್ಕೆ ಹೆಸರಿಲ್ಲ, ‘ಆಗಲೇ ತಕರಾರು ತೆಗೀಬೇಕಿತ್ತು’ ಎನ್ನುವ ಬೈಗುಳ ಮಾತ್ರ ಇದೆ! ನಿಯಮವೇನೋ ನಮ್ಮಲ್ಲೂ ಇದೆ. ಕಾರವಾರದಲ್ಲಿ ಹಾಕಬೇಕಾದ ದಾವೆಯನ್ನು ಶಿರಸಿಯಲ್ಲಿ ಹಾಕಿದರು ಅನ್ನಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಕಲಮಿನಂತೆ ಆ ತಕರಾರನ್ನು ಆದಷ್ಟು ಬೇಗ ಎತ್ತಬೇಕು, ವಿವಾದಾಂಶ ಗೊತ್ತುಮಾಡುವ ಹಂತ ದಾಟಬಾರದು. ಅದು ಬಿಟ್ಟು ಧಾರವಾಡದ ಹೈಕೋರ್ಟ್ ಪೀಠದಲ್ಲಿ ಮೊದಲ ಸಲ ಎತ್ತಿದರೆ ನಡೆಯುವುದಿಲ್ಲ. ಕಾಗದಪತ್ರಗಳದ್ದೂ ಹೀಗೇ. ಮೂಲಪ್ರತಿ ಬದಲು ಜೆರಾಕ್ಸ್ ತಂದಿದ್ದಾರೆ ಎಂಬಂಥ ತಕರಾರನ್ನು ಅದಕ್ಕೆ ನಿಶಾನೆ (ಸಾಕ್ಷ್ಯವೆಂದು ಕೋರ್ಟು ಹಾಕುವ ಗುರುತು) ಬೀಳುವ ಮೊದಲೇ ಹೇಳಬೇಕು ಎಂದು ಸುಪ್ರೀಂ ಕೋರ್ಟ್ 2003ರಲ್ಲಿ ಹೇಳಿದೆ.

ಸದ್ಯಕ್ಕೆ ‘ಅಪೀಲಿಗಾಗಿ ತಕರಾರು ಉಳಿಸಿಕೊಳ್ಳುವುದು’ ಎಂದು ಬರೆದಿಟ್ಟಿದ್ದೇನೆ. ತೊಂದರೆ ಏನೆಂದರೆ, ನಮ್ಮ ಕಡೆ ತಕರಾರು ಎಂದರೆ ತೋಟದ ಬೇಲಿಯದ್ದೂ ಹೌದು. ಅದನ್ನು ‘ಉಳಿಸಿಕೊಂಡ’ ಎಂದರೆ ಜಗಳ ಬಗೆಹರಿಸಿಕೊಳ್ಳದ ಹಠಮಾರಿ ಅನ್ನಿಸಬಹುದು, ಅಲ್ವಾ? ‘ತಕರಾರು ದಾಖಲಿಸಿಡು’ ಎಂದರೆ ಆ ಗೊಂದಲವಿಲ್ಲ, ಆದರೆ ಮುಂದೆ ಅಪೀಲಿಗೆ ಬೇಕು ಎನ್ನುವ ದೂರಾಲೋಚನೆ ಅದರಲ್ಲಿ ಕಾಣುವುದಿಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬೈ ಆಡಳಿತದಲ್ಲಿತ್ತು. ಕಾರವಾರ, ಕುಮಟಾ ಕಡೆಯ ಹಳೇ ವಕೀಲರ ಬಾಯಲ್ಲಿ ಇದಕ್ಕೆ ಮರಾಠಿ ಮೂಲದ್ದೋ ಪಾರಸಿ ಮೂಲದ್ದೋ ಬೇರೆ ಮಾತು ಕೇಳಿದವರು ಇದ್ದೀರಾ? ತಕರಾರು ತೆಗೆಯದೆ ಹಕ್ಕು ಕಳೆದುಕೊಳ್ಳುವುದಕ್ಕೆ ಏನೆನ್ನುತ್ತಿದ್ದರು ಎಂದು ತಿಳಿದರೂ ಸಾಕು.