ಹತ್ತು ಮೀಟರ್ ಏರ್ ರೈಫಲ್‌ಗೆ ಪೀಪ್ ಸೈಟ್: ಯಾವುದನ್ನು ಕೊಳ್ಳಬೇಕು, ಮಳೆಗಾಲದಲ್ಲಿ ಹೇಗೆ ಕಾಪಾಡಬೇಕು?

ಕೇಳಿದವರು, ಸಕಲೇಶಪುರ

ನನ್ನ ಮಗಳಿಗೆ ಹದಿನಾಲ್ಕು ವರ್ಷ. ಓಪನ್ ಸೈಟ್ ಏರ್ ರೈಫಲ್‌ನಲ್ಲಿ ಕಲಿತಳು. ಈಗ ಪೀಪ್ ಸೈಟ್ (ಕಣ್ಣಿನ ಬಳಿಯ ಸಣ್ಣ ರಂಧ್ರದ ಮೂಲಕ ಗುರಿ ನೋಡುವ ಸಾಧನ) ವಿಭಾಗಕ್ಕೆ ಬರಬಹುದು ಎಂದು ತರಬೇತುದಾರರು ಹೇಳಿದ್ದಾರೆ. ಪರಿಚಿತರೊಬ್ಬರಿಂದ ಬಳಸಿದ ವಿದೇಶಿ ರೈಫಲ್ ಸಿಗುತ್ತಿದೆ, ಆದರೆ ಅದರ ಹಿಂದಿನ ಸೈಟ್ ಸವೆದಂತೆ ಕಾಣುತ್ತದೆ. ಹೊಸ ಸೈಟ್, ಐರಿಸ್ (ಆ ರಂಧ್ರವನ್ನು ಹಿರಿದು ಕಿರಿದು ಮಾಡುವ ಭಾಗ), ಫಿಲ್ಟರ್ ಎಲ್ಲ ಸೇರಿದರೆ ನಮ್ಮ ಕೈಗೆಟುಕುವ ಮೊತ್ತವಲ್ಲ. ಯಾವುದು ಅಗತ್ಯ, ಯಾವುದು ಬೇಡ? ಕಲಿಯುವ ತನಕ ಟೆಲಿಸ್ಕೋಪ್ ಹಾಕಿಕೊಟ್ಟರೆ ಸುಲಭವಾಗುತ್ತದೆಯೇ? ಅವಳಿಗೆ ದೂರದ್ದನ್ನು ನೋಡಲು ಕನ್ನಡಕವೂ ಇದೆ. ನಮ್ಮ ಕಡೆಯ ಮಳೆ ನಿಮಗೆಲ್ಲ ಗೊತ್ತೇ ಇದೆ.

ಬೆಂಗಳೂರಿನಿಂದ, ಕಿರಿಯರಿಗೆ ಕಲಿಸುವವರು

ಸರ್, ಮೊದಲು ಹಣ ಉಳಿಸುವ ಮಾತು. ಸವೆದಂತೆ ಕಾಣುವುದಕ್ಕೂ ಸವೆದಿರುವುದಕ್ಕೂ ವ್ಯತ್ಯಾಸವಿದೆ. ಹೊರಗಿನ ಕಪ್ಪು ಬಣ್ಣ ಹೋಗಿದ್ದರೆ ಏನೂ ಆಗುವುದಿಲ್ಲ. ಒಳಗಿನ ತಿರುಪು ಸಡಿಲವಾಗಿದೆಯೇ ಎಂಬುದೇ ಮುಖ್ಯ. ಅದನ್ನು ಕೊಳ್ಳುವ ಮೊದಲೇ ಪರೀಕ್ಷಿಸಬಹುದು. ರೈಫಲ್ಲನ್ನು ಮರಳುಚೀಲದ ಮೇಲೆ ಊರಿ, ಒಂದೇ ಡಬ್ಬಿಯ ಪೆಲೆಟ್‌ಗಳಿಂದ ಐದು ಹೊಡೆತ ಹೊಡೆಯಿರಿ. ಸೈಟನ್ನು ಎಡ ಬಲ ಸರಿಸುವ ನಾಬನ್ನು ಇಪ್ಪತ್ತು ಕ್ಲಿಕ್ (ಟಿಕ್ ಎನ್ನುವ ಒಂದೊಂದು ಹೆಜ್ಜೆ) ಬಲಕ್ಕೆ ತಿರುಗಿಸಿ ಮತ್ತೆ ಐದು. ಇಪ್ಪತ್ತು ಕ್ಲಿಕ್ ಹಿಂದಕ್ಕೆ ತಂದು ಇನ್ನೈದು. ಮೊದಲ ಗ್ರೂಪಿನ (ಐದು ಹೊಡೆತಗಳ ಗುಂಪಿನ) ಮೇಲೆಯೇ ಮೂರನೆಯದು ಕೂತರೆ ಸೈಟ್ ಆರೋಗ್ಯವಾಗಿದೆ. ಮೇಲೆ ಕೆಳಗೆ ಸರಿಸುವ ನಾಬ್‌ಗೂ ಇದೇ ಪರೀಕ್ಷೆ. ತಿರುಗಿಸಿದಾಗ ಪೆಲೆಟ್ ಯಾವ ಕಡೆಗೆ ಸರಿಯಿತು, ಗುರಿಯ ಒಂದು ರಿಂಗ್ (ಅಂಕದ ವೃತ್ತ) ದಾಟಲು ಎಷ್ಟು ಕ್ಲಿಕ್ ಬೇಕಾಯಿತು ಎಂದು ಮಗಳ ಕೈಯಲ್ಲೇ ಬರೆಸಿ. ನಾಬ್ ಮೇಲಿನ ಬಾಣದ ಗುರುತು ಎಲ್ಲ ತಯಾರಕರದ್ದೂ ಒಂದೇ ಅರ್ಥದಲ್ಲಿರುವುದಿಲ್ಲ, ಅದನ್ನು ನಂಬಬೇಡಿ.

ಹಳೆಯ ಸೈಟ್‌ಗಳಲ್ಲಿ ದಿಕ್ಕು ಬದಲಿಸಿದಾಗ ಒಂದೆರಡು ಕ್ಲಿಕ್ ಸುಮ್ಮನೆ ಹೋಗುವುದುಂಟು. ಅದು ಅಷ್ಟಕ್ಕೇ ನಿಂತಿದ್ದರೆ ನಿಭಾಯಿಸಬಹುದು: ಯಾವಾಗಲೂ ಒಂದೇ ದಿಕ್ಕಿನಿಂದ ಬಂದು ನಿಲ್ಲಿಸಬೇಕು. ಎಡಕ್ಕೆ ಮೂರು ಕ್ಲಿಕ್ ಬೇಕಿದ್ದರೆ ಎಡಕ್ಕೆ ಎಂಟು ಹೋಗಿ ಬಲಕ್ಕೆ ಐದು ಬರುವ ಹಾಗೆ.

ಇಷ್ಟು ಸೂಕ್ಷ್ಮ ಏಕೆಂದರೆ, ಕಣ್ಣಿನ ಬಳಿಯ ಸೈಟ್‌ಗೂ ನಳಿಕೆಯ ತುದಿಯ ಸೈಟ್‌ಗೂ ಸುಮಾರು ಮುಕ್ಕಾಲು ಮೀಟರ್ ಅಂತರ. ಹಿಂದಿನ ಸೈಟ್ 0.1 ಮಿಲಿಮೀಟರ್ ಅಲುಗಿದರೆ ಗುರಿಯಲ್ಲಿ 1.3 ಮಿಲಿಮೀಟರಿಗೂ ಹೆಚ್ಚು ಸರಿಯುತ್ತದೆ. ರಿಂಗ್‌ನಿಂದ ರಿಂಗ್‌ಗೆ ಇರುವುದೇ 2.5 ಮಿಲಿಮೀಟರ್, ಹತ್ತರ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್. ದಶಮಾಂಶದ ಅಂಕದಲ್ಲಿ ಒಂದೊಂದು ಹೊಡೆತಕ್ಕೆ ಅರ್ಧ ಅಂಕ ಹೋಗುತ್ತದೆ, ಮಗು ತನ್ನ ಕೈಯೇ ಅಲುಗಿತು ಎಂದು ನೊಂದುಕೊಳ್ಳುತ್ತದೆ. ನನಗೆ ಹೆಚ್ಚು ಸಂಕಟವಾಗುವುದು ಇದಕ್ಕೇ. ಆದ್ದರಿಂದ ಸೈಟ್ ಹಿಡಿದಿರುವ ಸ್ಕ್ರೂಗಳನ್ನು ಪ್ರತಿ ಅಭ್ಯಾಸಕ್ಕೂ ಮುನ್ನ ಮುಟ್ಟಿ ನೋಡಿ. ಸರಿಯಾಗಿ ಬಿಗಿಯಾದ ಮೇಲೆ ಸ್ಕ್ರೂ ಮತ್ತು ಹಳಿಯ (ಸೈಟ್ ಕೂರುವ ಪಟ್ಟಿಯ) ಮೇಲೆ ಒಂದು ಗೆರೆ ಉಗುರುಬಣ್ಣ ಹಚ್ಚಿಟ್ಟರೆ, ಸಡಿಲವಾದ ದಿನ ಗೆರೆ ತಪ್ಪಿರುವುದು ಕಣ್ಣಿಗೇ ಕಾಣುತ್ತದೆ. ಅತಿಯಾಗಿ ಬಿಗಿಯಬೇಡಿ, ಅಲ್ಯೂಮಿನಿಯಂ ಹಳಿಯ ಅಂಚು ಮುರಿಯುತ್ತದೆ.

ಟೆಲಿಸ್ಕೋಪ್ ಖಂಡಿತ ಬೇಡ. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟ) ನಿಯಮದಲ್ಲಿ ಹತ್ತು ಮೀಟರ್ ರೈಫಲ್‌ಗೆ ಅದಕ್ಕೆ ಅವಕಾಶವೇ ಇಲ್ಲ. ಟೆಲಿಸ್ಕೋಪಿನಲ್ಲಿ ಅಲುಗಾಟ ದೊಡ್ಡದಾಗಿ ಕಂಡು ಮಕ್ಕಳು ಹೆದರುತ್ತಾರೆ. ಹೆದರಿದವರು ಟ್ರಿಗರ್ ಕಿತ್ತೆಳೆಯುತ್ತಾರೆ.

ಮೈಸೂರಿನಿಂದ, ಹಿರಿಯರ ವಿಭಾಗದಲ್ಲಿ ಹೊಡೆಯುವವರು

ಬೆಂಗಳೂರಿನವರು ಹಿಂದಿನ ಸೈಟ್ ಬಗ್ಗೆ ಹೇಳಿದ್ದಕ್ಕೆ ಮರುಮಾತಿಲ್ಲ. ನನ್ನ ಒತ್ತಾಯ ಮುಂದಿನ ಸೈಟಿನ ರಿಂಗ್ ಬಗ್ಗೆ, ಅಂದರೆ ಗುರಿಯ ಕಪ್ಪನ್ನು ಒಳಗೆ ಕೂರಿಸಿ ನೋಡುವ ಬಳೆ. ಐರಿಸ್‌ಗೆ ಸಾವಿರಾರು ರೂಪಾಯಿ ಕೊಡುವವರು ರಿಂಗ್ ಯಾವ ಅಳತೆಯದು ಎಂದು ಕೇಳುವುದೇ ಇಲ್ಲ.

ಲೆಕ್ಕ ಸರಳ. ಗುರಿಯ ಕಪ್ಪು ಭಾಗದ ವ್ಯಾಸ 30.5 ಮಿಲಿಮೀಟರ್, ಇರುವುದು ಹತ್ತು ಮೀಟರ್ ಆಚೆ. ಕಣ್ಣಿನಿಂದ ಮುಂದಿನ ಸೈಟ್ ಸುಮಾರು 90 ಸೆಂಟಿಮೀಟರ್ ದೂರವಿದ್ದರೆ, ಆ ಜಾಗದಲ್ಲಿ ಕಪ್ಪು ಸುಮಾರು 2.7 ಮಿಲಿಮೀಟರ್ ಅಗಲವಾಗಿ ಕಾಣುತ್ತದೆ. ರಿಂಗ್ 3.2 ಆದರೆ ಸುತ್ತ ಬಿಳಿ ಉಳಿಯುವುದು ಎಳೆಯಷ್ಟೇ. ಕೈ ತುಸು ಆಡಿದರೂ ಕಪ್ಪು ಹೋಗಿ ರಿಂಗಿಗೆ ತಾಗುತ್ತದೆ, ಹುಡುಗಿ ಉಸಿರು ಬಿಗಿಹಿಡಿದು ಕಾಯುತ್ತಾಳೆ, ಕಣ್ಣು ದಣಿಯುತ್ತದೆ. ಹೊಸಬರಿಗೆ 4.0ರ ಆಸುಪಾಸಿನಲ್ಲಿ ಶುರು ಮಾಡಿಸಿ. ಸುತ್ತ ಧಾರಾಳ ಬಿಳಿ ಇದ್ದರೆ ಕಪ್ಪು ನಡುವಿನಲ್ಲಿದೆಯೇ ಎಂದು ಕಣ್ಣು ತಾನೇ ಹೇಳುತ್ತದೆ. ಮುಂದೆ ನಿಲುವು ಸ್ಥಿರವಾದಂತೆ ಬೇಕೆನಿಸಿದರೆ ಚಿಕ್ಕದು ಮಾಡಬಹುದು. ಬೇರೆ ಬೇರೆ ಅಳತೆಯ ರಿಂಗ್‌ಗಳನ್ನು ಕೊಂಡಿಟ್ಟುಕೊಳ್ಳುವುದು ಹೊಸ ಸೈಟ್ ಕೊಳ್ಳುವುದಕ್ಕಿಂತ ಎಷ್ಟೋ ಅಗ್ಗ. ಮುಂದಿನ ಸೈಟಿನ ಕೊಳವೆ 18 ಮಿಲಿಮೀಟರಿನದೋ 22ರದೋ ಎಂದು ನೋಡಿಕೊಂಡು ತರಿಸಿ. ಒಂದಕ್ಕೆ ಆಗುವುದು ಇನ್ನೊಂದಕ್ಕೆ ಕೂರುವುದಿಲ್ಲ.

ಐರಿಸ್ ರಂಧ್ರ 1.1 ಅಥವಾ 1.2 ಮಿಲಿಮೀಟರಿನಲ್ಲಿ ಇಡಿ. ತೀರ ಕಿರಿದಾಗಿಸಿದರೆ ಅಂಚು ಚುರುಕಾಗುವಂತೆ ತೋರುತ್ತದೆ, ಆಮೇಲೆ ಬೆಳಕು ಸಾಲದೆ ಎಲ್ಲವೂ ಮಂಕಾಗುತ್ತದೆ. ಒಳಾಂಗಣ ರೇಂಜಿನಲ್ಲಿ ಬೆಳಕು ಒಂದೇ ಸಮ ಇರುವುದರಿಂದ ಬಣ್ಣದ ಫಿಲ್ಟರ್ ಸದ್ಯಕ್ಕೆ ಬೇಡ.

ಕೊಡಗಿನಿಂದ

ಮಳೆಯ ವಿಚಾರ ನಮಗೆ ಬಿಡಿ. ನಮ್ಮಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ತೋಕ್ ಪೂ (ಕೋವಿ ಹೂ) ಇಟ್ಟು ಪೂಜೆ ಮಾಡುತ್ತೇವೆ, ತೆಂಗಿನಕಾಯಿಗೆ ಗುರಿ ಇಡುತ್ತೇವೆ. ಹಬ್ಬ ಬರುವುದು ಸೆಪ್ಟೆಂಬರಿನಲ್ಲಿ, ಅಂದರೆ ಮಳೆ ತಿಂಗಳುಗಳಲ್ಲಿ ಒಳಗಿದ್ದದ್ದು ಹೊರಗೆ ಬರುವ ಹೊತ್ತು. ಕೋವಿ ಕಾಪಾಡಿದವರು ಯಾರು, ಮರೆತವರು ಯಾರು ಎಂಬುದು ಅಂದು ಗೊತ್ತಾಗುತ್ತದೆ.

ರೈಫಲ್ ತಂದ ಪೆಟ್ಟಿಗೆಯಲ್ಲೇ ಮಳೆಗಾಲ ಪೂರ್ತಿ ಇಡಬೇಡಿ. ಒಳಗಿನ ಸ್ಪಂಜು ತೇವ ಹೀರಿ ಹಿಡಿದುಕೊಳ್ಳುತ್ತದೆ, ಲೋಹ ಒತ್ತಿಕೊಂಡ ಕಡೆಯೇ ತುಕ್ಕು ಕಾಣುತ್ತದೆ. ಚರ್ಮದ ಚೀಲ ಇನ್ನೂ ಕೆಟ್ಟದ್ದು. ಹಿಂದಿನ ಸೈಟನ್ನು ಕಳಚಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಾಗುವ ಜೆಲ್ ಕೊಂಡರೆ ತೇವ ತುಂಬಿದ್ದು ತಿಳಿಯುತ್ತದೆ, ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಕಳಚುವ ಮೊದಲು ಹಳಿಯ ಮೇಲೆ ಸೈಟ್ ಕೂತಿದ್ದ ಜಾಗಕ್ಕೆ ಗುರುತು ಹಾಕಿ. ವಾರಕ್ಕೊಮ್ಮೆ ತೆಗೆದು ಒಣಬಟ್ಟೆಯಲ್ಲಿ ಒರೆಸಿ, ಬೆವರು ತಾಗಿದ ಉಕ್ಕಿನ ಭಾಗಕ್ಕೆ ಎಣ್ಣೆ ಒರೆಸಿದ ಬಟ್ಟೆಯನ್ನು ಒಮ್ಮೆ ಆಡಿಸಿ.

ಐರಿಸ್‌ಗೆ ಮಾತ್ರ ಎಣ್ಣೆ ಹಾಕಲೇಬೇಡಿ. ಅದರ ಎಲೆಗಳು ಬಹಳ ತೆಳು. ಎಣ್ಣೆ ತಾಗಿದರೆ ಧೂಳು ಕೂತು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕ್ಯಾಮೆರಾದವರು ಬಳಸುವ ರಬ್ಬರ್ ಬುರುಡೆಯಿಂದ ಗಾಳಿ ಊದಿದರೆ ಸಾಕು.

ಟೆಲಿಸ್ಕೋಪ್ ಬಗ್ಗೆ ಎರಡು ಮಾತು, ಮನೆಯ ಹಳೆಯ ಸ್ಪ್ರಿಂಗ್ ಏರ್‌ಗನ್‌ಗೆ ಹಾಕಬೇಕೆನ್ನುವವರಿಗಾಗಿ. ಸ್ಪ್ರಿಂಗ್ ಬಂದೂಕು ಹಿಂದಕ್ಕೂ ಮುಂದಕ್ಕೂ ಒದೆಯುತ್ತದೆ. ಏರ್‌ಗನ್‌ಗೆಂದೇ ಮಾಡದ ಟೆಲಿಸ್ಕೋಪಿನ ಒಳಗಿನ ಗಾಜು ಆ ಮುಂದಿನ ಒದೆತಕ್ಕೆ ಕಳಚುತ್ತದೆ. ದೊಡ್ಡ ರೈಫಲ್ಲಿನ ಟೆಲಿಸ್ಕೋಪ್ ನೂರು ಗಜದ ದೂರಕ್ಕೆ ಹೊಂದಿಸಿದ್ದಾಗಿರುತ್ತದೆ, ಹತ್ತು ಮೀಟರಿಗೆ ಮಸುಕು. ಹಾಗೆಯೇ, ಗಾಜಿಗೆ ಬೂಷ್ಟು ಹಿಡಿದರೆ ಅದು ಲೇಪನವನ್ನೇ ತಿನ್ನುತ್ತದೆ, ಆಮೇಲೆ ಎಷ್ಟು ಒರೆಸಿದರೂ ಕಲೆ ಹೋಗುವುದಿಲ್ಲ. ಧೂಳನ್ನು ಮೊದಲು ಊದಿ, ಆಮೇಲೆ ಒರೆಸಿ.

ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಇಪ್ಪತ್ತು ಕ್ಲಿಕ್ಕಿನ ಪರೀಕ್ಷೆ ಮಾಡಿದೆವು, ಗ್ರೂಪ್ ಸ್ವಸ್ಥಾನಕ್ಕೆ ಬಂತು. ಮಾಲೀಕರ ಬಳಿ ಮುಂದಿನ ರಿಂಗ್ 3.4 ಇತ್ತು, 4.0 ತರಿಸುತ್ತಿದ್ದೇವೆ. ಉಳಿದಿರುವುದು ಕನ್ನಡಕ. ಮಾಮೂಲಿ ಕನ್ನಡಕ ಹಾಕಿಕೊಂಡರೆ ರಿಂಗ್ ಒಂದು ಕಡೆ ಎಳೆದಂತೆ ಕಾಣುತ್ತದೆ ಎನ್ನುತ್ತಾಳೆ.

ಧಾರವಾಡದಿಂದ, ಕಣ್ಣಿನ ಪರೀಕ್ಷೆ ಮಾಡುವವರು

ಅವಳು ಸರಿಯಾಗಿಯೇ ಗಮನಿಸಿದ್ದಾಳೆ, ಆ ಮಾತನ್ನು ತಳ್ಳಿಹಾಕಬೇಡಿ. ರೈಫಲ್ಲಿಗೆ ಕೆನ್ನೆ ಒತ್ತಿದಾಗ ತಲೆ ವಾಲುತ್ತದೆ, ಕಣ್ಣು ಮಸೂರದ ನಡುವಿನಿಂದ ನೋಡದೆ ಮೂಗಿನ ಕಡೆಯ ಮೂಲೆಯಿಂದ ನೋಡುತ್ತದೆ. ಅಲ್ಲಿ ಬಿಂಬ ಓರೆಯಾಗುತ್ತದೆ. ಶೂಟಿಂಗ್ ಕನ್ನಡಕದ ಚೌಕಟ್ಟಿನಲ್ಲಿ ಮಸೂರವನ್ನು ದೃಷ್ಟಿರೇಖೆಗೆ ನೇರವಾಗಿ ತಿರುಗಿಸಿಕೊಳ್ಳಬಹುದು. ಸೈಟ್‌ಗಿಂತ ಮೊದಲು ಹಣ ಹಾಕಬೇಕಾದದ್ದು ಇದಕ್ಕೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪರೀಕ್ಷೆಗೆ ಹೋದಾಗ ಅವಳು ಸ್ಪಷ್ಟವಾಗಿ ನೋಡಬೇಕಾದದ್ದು ಸುಮಾರು 90 ಸೆಂಟಿಮೀಟರ್ ದೂರದ ರಿಂಗ್, ಗುರಿ ತುಸು ಮಂಕಾದರೂ ಪರವಾಗಿಲ್ಲ ಎಂದು ಹೇಳಿ. ಅವಳ ವಯಸ್ಸಿನಲ್ಲಿ ಕಣ್ಣು ತಾನೇ ಹೊಂದಿಕೊಳ್ಳುತ್ತದೆ, ದೂರದ ನಂಬರಷ್ಟೇ ಸಾಕಾಗಬಹುದು. ನಲವತ್ತು ದಾಟಿದವರಿಗೆ ದೂರದ ನಂಬರಿಗೆ +0.50 ಸೇರಿಸಿ ನೋಡುವುದು ರೂಢಿ. ಮೈಸೂರಿನವರು ಇದನ್ನು ಬಲ್ಲರು. ಇನ್ನೊಂದು ಕಣ್ಣನ್ನು ಮುಚ್ಚಿ ಹಿಡಿಯುವ ಅಭ್ಯಾಸ ಬೇಡ, ಮುಖದ ಸ್ನಾಯು ಬಿಗಿದು ಗುರಿ ಹಿಡಿಯುವ ಕಣ್ಣೂ ದಣಿಯುತ್ತದೆ. ಆ ಇನ್ನೊಂದು ಕಣ್ಣಿನ ಮುಂದೆ ಅರೆಪಾರದರ್ಶಕ ಪಟ್ಟಿ ಇಳಿಬಿಡಿ, ನಿಯಮದ ಪ್ರಕಾರ ಅಗಲ 30 ಮಿಲಿಮೀಟರ್ ಮೀರಬಾರದು.

ಮಂಗಳೂರಿನಿಂದ

ಸ್ಪರ್ಧೆಗೆ ಹೋಗುವಾಗ ಒಂದು ಎಚ್ಚರಿಕೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಫೈನಲ್ಲಿಗೆ ಮುಂಚೆ ತಮ್ಮ ರೈಫಲ್ಲಿನ ಸೈಟ್ ಬದಲಾಗಿತ್ತು ಎಂದು ಅಭಿನವ್ ಬಿಂದ್ರಾ ಅವರೇ ಹೇಳಿದ್ದಾರೆ. ಸೈಟರ್ (ಅಂಕಕ್ಕೆ ಸೇರದ ಪರೀಕ್ಷಾ) ಹೊಡೆತಗಳಲ್ಲಿ ಅದು ಗೊತ್ತಾಯಿತು, ಸರಿಪಡಿಸಿಕೊಂಡರು, ಕೊನೆಯ ಹೊಡೆತದಲ್ಲಿ 10.8 ತೆಗೆದು ಚಿನ್ನ ಗೆದ್ದರು. ನಿಮ್ಮ ಮಗಳ ಪುಸ್ತಕದಲ್ಲಿ ನಾಬ್‌ಗಳ ಸ್ಥಾನ ಬರೆದಿರಲಿ. ಎರಡನ್ನೂ ಒಂದು ತುದಿಯವರೆಗೆ ತಿರುಗಿಸಿ, ಅಲ್ಲಿಂದ ಎಷ್ಟು ಕ್ಲಿಕ್ ಹಿಂದೆ ಬಂದರೆ ತನ್ನ ಜಾಗ ಎಂದು ಎಣಿಸಿಟ್ಟುಕೊಂಡರೆ, ಬಸ್ಸಿನಲ್ಲಿ ಏನೇ ಆದರೂ ರೇಂಜಿನಲ್ಲಿ ಐದು ನಿಮಿಷದೊಳಗೆ ಮೊದಲಿನ ಸ್ಥಿತಿಗೆ ತರಬಹುದು. ಸರಿಯಾದ ಅಲೆನ್ ಕೀ ಚೀಲದಲ್ಲಿರಲಿ. ಅಲ್ಲಿ ಹೋಗಿ ಕೇಳಿದರೆ ಬೇರೆ ಅಳತೆಯದೇ ಸಿಗುತ್ತದೆ.