ಸಿ ಪ್ರೋಗ್ರಾಮಿಂಗ್ ಗ್ರೂಪಿನ ಪ್ರಶ್ನೋತ್ತರ: ಪಿಸಿಯಲ್ಲಿ ಟ್ರೂ, ಬೋರ್ಡಿನಲ್ಲಿ ಫಾಲ್ಸ್

ಬೋರ್ಡ್ ಹುಡುಗ: ಮೇಡಂ, ಒಂದೇ ಸಿ ಫೈಲು. ಪಿಸಿಯಲ್ಲಿ ಜಿಸಿಸಿ ಕಂಪೈಲರ್ ಹಾಕಿ ಓಡಿಸಿದರೆ ಅಲಾರ್ಮ್ ಬರುತ್ತದೆ, ಸರ್ಕ್ಯೂಟ್ ಬೋರ್ಡಿಗೆ ಹಾಕಿದರೆ ಬರೋದೇ ಇಲ್ಲ. ಬೂಲ್ ಅಂದರೆ ಟ್ರೂ ಅಥವಾ ಫಾಲ್ಸ್ ಇಡೋ ಟೈಪ್; ಸ್ಟೇಟಸ್‌ನಲ್ಲಿ 256ರ ಬಿಟ್ 1 ಇದೆಯಾ ಅಂತ ನೋಡೋ ಸಾಲು ಇದು:
ಬೂಲ್ ಅಲಾರ್ಮ್ = ಸ್ಟೇಟಸ್ & 256;
ಬೋರ್ಡಿನ ಕಂಪೈಲರ್ ತುಂಬಾ ಹಳೇದು.

ಡಿಪ್ಲೊಮಾ 2ನೇ ವರ್ಷ: ಟರ್ಬೊ ಸಿಯಲ್ಲಿ ಬೂಲ್ ಅಂತ ಬರೆದರೆ ಎರರ್ ಯಾಕೆ ಮೇಡಂ?

ಮೇಡಂ: @ಡಿಪ್ಲೊಮಾ, ಅದು ಸಿ99ಕ್ಕಿಂತ (1999ರ ಸಿ ಸ್ಟ್ಯಾಂಡರ್ಡ್) ಹಿಂದಿನ ಕಂಪೈಲರ್. ಅದರಲ್ಲಿ ಬೂಲ್ ಇಲ್ಲ. ಇಂಟ್ (ಪೂರ್ಣಾಂಕದ ಟೈಪ್) ಬಳಸಿ.
@ಬೋರ್ಡ್ ಹುಡುಗ, ಹಳೇ ಕಂಪೈಲರ್‌ಗೆ ಬೂಲ್ ಎಲ್ಲಿಂದ ಬಂತು? ಹೆಡರ್‌ಗಳಲ್ಲಿ ಹುಡುಕಿ, ಸಿಕ್ಕ ಸಾಲನ್ನು ಇಲ್ಲಿ ಹಾಕಿ.

ಬೋರ್ಡ್ ಹುಡುಗ: ಸಿಕ್ಕಿತು. ಟೈಪ್‌ಡೆಫ್ ಅನ್‌ಸೈನ್ಡ್ ಕ್ಯಾರ್ ಬೂಲ್. ಅಂದರೆ ಅನ್‌ಸೈನ್ಡ್ ಕ್ಯಾರ್ ಟೈಪಿಗೇ ಬೂಲ್ ಅಂತ ಇನ್ನೊಂದು ಹೆಸರು. ನನಗಿಂತ ಮುಂಚೆ ಇದ್ದವರು ಬರೆದದ್ದು.

ಗ್ರೂಪ್ ಹಿರಿಯ: ಸುಮ್ನೆ ತಲೆ ಕೆಡಿಸ್ಕೋಬೇಡಿ. ಫಾರ್ವರ್ಡ್ ಬಂದಿದೆ, ನೋಡಿ: "ಎಲ್ಲ ಕಂಪೈಲರ್‌ಗೂ ಒಂದೇ ಮದ್ದು! ಡಿಫೈನ್ ಬೂಲ್ ಇಂಟ್, ಡಿಫೈನ್ ಟ್ರೂ 1, ಡಿಫೈನ್ ಫಾಲ್ಸ್ 0. ಎಲ್ಲ ಕಡೆ == ಟ್ರೂ ಅಂತ ಚೆಕ್ ಮಾಡಿ."

ಮೇಡಂ: @ಬೋರ್ಡ್ ಹುಡುಗ, ಬಗ್ ಆ ಟೈಪ್‌ಡೆಫ್‌ನಲ್ಲೇ ಇದೆ. 256ರಲ್ಲಿ ಕೆಳಗಿನ 8 ಬಿಟ್ಟೂ ಸೊನ್ನೆ, ಒಂಬತ್ತನೇ ಬಿಟ್ ಮಾತ್ರ 1. ಅನ್‌ಸೈನ್ಡ್ ಕ್ಯಾರ್‌ನಲ್ಲಿ ನಿಮ್ಮ ಬೋರ್ಡಿನಲ್ಲಿ ಇರೋದು 8 ಬಿಟ್. ಒಂಬತ್ತನೆಯದು ಉದುರಿಹೋಗಿ ಅಲಾರ್ಮ್‌ನಲ್ಲಿ ಉಳಿಯುವುದು 0. ಪಿಸಿಯಲ್ಲಿ ಇರೋದು ಸ್ಟಡ್‌ಬೂಲ್ ಹೆಡರಿನ ನಿಜವಾದ ಬೂಲ್, 1999ರ ಸ್ಟ್ಯಾಂಡರ್ಡಿನದು. ಅದಕ್ಕೆ ಏನೇ ಹಾಕಿದರೂ ಸೊನ್ನೆಯೋ ಅಲ್ಲವೋ ಅಂತಷ್ಟೇ ನೋಡುತ್ತದೆ. ಸೊನ್ನೆ ಅಲ್ಲದಿದ್ದರೆ 1. 256 ಹಾಕಿದರೂ 1, 0.5 ಹಾಕಿದರೂ 1. ಟೈಪ್‌ಡೆಫ್‌ನಿಂದ ಬೂಲ್ ಅನ್ನೋ ಹೆಸರು ಬರುತ್ತದೆ, ಈ ಗುಣ ಬರುವುದಿಲ್ಲ. ಕಂಪೈಲರ್ ವಾರ್ನಿಂಗನ್ನೂ ಕೊಟ್ಟಿರಲಿಕ್ಕಿಲ್ಲ. != 0 (ಸೊನ್ನೆ ಅಲ್ಲವೇ ಅನ್ನೋ ಪರೀಕ್ಷೆ) ಸೇರಿಸಿ, ಎರಡೂ ಕಡೆ ಒಂದೇ ಉತ್ತರ ಬರುತ್ತದೆ.

@ಗ್ರೂಪ್ ಹಿರಿಯ, ಈ ಮದ್ದನ್ನು ದಯವಿಟ್ಟು ಹಂಚಬೇಡಿ. ಈಸ್‌ಆಲ್ಫಾ (ಅಕ್ಷರ ಹೌದೋ ಅಲ್ಲವೋ ಹೇಳೋದು) ತರದ ಫಂಕ್ಷನ್‌ಗಳು ಹೌದು ಅನ್ನೋದಕ್ಕೆ 1 ಅನ್ನೇ ಕೊಡಬೇಕು ಅಂತಿಲ್ಲ. ಲಿನಕ್ಸ್ ಪಿಸಿಯ ಜಿಲಿಬ್‌ಸಿ ಲೈಬ್ರರಿಯಲ್ಲಿ 1024 ಬರುತ್ತದೆ. ಆಗ ನಿಮ್ಮ == ಟ್ರೂ ಅದನ್ನು ಅಕ್ಷರವೇ ಅಲ್ಲ ಅನ್ನುತ್ತದೆ.

ಬೋರ್ಡ್ ಹುಡುಗ: ಸ್ಟೇಟಸ್ & 256 != 0 ಅಂತ ಹಾಕಿದೆ. ಈಗ ಪಿಸಿಯಲ್ಲೂ ಬರ್ತಿಲ್ಲ!

ಮೇಡಂ: ಬ್ರಾಕೆಟ್! ಸಿಯಲ್ಲಿ != ಮೊದಲು, & ಆಮೇಲೆ. ನೀವು ಬರೆದದ್ದು ಸ್ಟೇಟಸ್ & 1 ಆಯಿತು.
(ಸ್ಟೇಟಸ್ & 256) != 0

ಕೊನೇ ಬೆಂಚು: ಇಷ್ಟೆಲ್ಲ ಯಾಕೆ? ಆ ಬ್ರಾಕೆಟ್ಟಿನ ಮುಂದೆ !! (ಎರಡು ಸಲ 'ಅಲ್ಲ') ಹಾಕಿದರೆ ಮುಗೀತು.

ಗ್ರೂಪ್ ಹಿರಿಯ: ಅದನ್ನ ಓದಿದವರಿಗೆ ಏನು ಅರ್ಥ ಆಗುತ್ತೆ?

ಕೊನೇ ಬೆಂಚು: ಸಿ ಬರೋರಿಗೆ ಆಗುತ್ತೆ ಸರ್.

ಗ್ರೂಪ್ ಹಿರಿಯ: ನೀನು ಹುಟ್ಟೋ ಮುಂಚಿನಿಂದ ಸಿ ಬರೀತಿದ್ದೀನಿ.

ಕೊನೇ ಬೆಂಚು: ಗೊತ್ತಾಗುತ್ತೆ, == ಟ್ರೂ ನೋಡಿದರೆ.

ರಸ್ಟ್ ಪ್ರೇಮಿ: ಅದಕ್ಕೇ ಹೇಳೋದು, ಸಿ ಬಿಟ್ಟು ರಸ್ಟ್ ಭಾಷೆಗೆ ಬನ್ನಿ ಅಂತ.

ಕೊನೇ ಬೆಂಚು: ಬಂದ್ರಪ್ಪ ಇವರು.

8051 ಬಳಗ: ಮೇಡಂ, ನಮ್ಮ 8051 ಚಿಪ್ಪಿನ ಕಂಪೈಲರ್‌ನಲ್ಲಿ ಬಿಟ್ ಅಂತ ಬೇರೆ ಟೈಪ್ ಇದೆ. ಬೂಲ್ ಬದಲು ಅದನ್ನೇ ಬಳಸಬಹುದಾ?

ಲಿನಕ್ಸ್ ಅಕ್ಕ: ಜಿಸಿಸಿ 15 ಹಾಕಿದ ಮೇಲೆ ಹಳೇ ಕೋಡಿನ ಟೈಪ್‌ಡೆಫ್ ಇಂಟ್ ಬೂಲ್ ಸಾಲಿಗೆ ಎರರ್ ಬರ್ತಿದೆ.

ಮೇಡಂ: ಸಿ23 ಅನ್ನೋ ಹೊಸ ಸ್ಟ್ಯಾಂಡರ್ಡಿನಲ್ಲಿ ಬೂಲ್ ಕೀವರ್ಡ್ ಆಗಿದೆ, ಆ ಹೆಸರನ್ನು ನಾವು ಬೇರೆಯದಕ್ಕೆ ಇಡುವಂತಿಲ್ಲ. ಜಿಸಿಸಿ 15ರ ಡೀಫಾಲ್ಟ್ ಅದೇ. ಆ ಸಾಲು ತೆಗೆಯಿರಿ.

ಬಿಎಸ್ಸಿ ಫೈನಲ್: ಮೇಡಂ, ಟರ್ಬೊ ಸಿಯಲ್ಲಿ ಬೂಲ್ ಬರಲ್ವಾ?

ಮೇಡಂ: ಮೇಲೆ ಓದಿ.

ಗ್ರೂಪ್ ಹಿರಿಯ: ಸ್ವಲ್ಪ ಮರ್ಯಾದೆಯಿಂದ ಉತ್ತರ ಕೊಟ್ಟರೆ ಏನು ನಷ್ಟ?

ಮೇಡಂ: ಫಾರ್ವರ್ಡ್ ಹಾಕೋ ಮುಂಚೆ ಒಂದ್ಸಲ ಕಂಪೈಲ್ ಮಾಡಿ ನೋಡಿದರೆ ಏನು ನಷ್ಟ?

ಬೋರ್ಡ್ ಹುಡುಗ: ಅಲಾರ್ಮ್ ಬಂತು ಮೇಡಂ! ಥ್ಯಾಂಕ್ಸ್. ಈ ಬೂಲ್ ಇರೋ ಸ್ಟ್ರಕ್ಟನ್ನೇ (ಹಲವು ವೇರಿಯಬಲ್‌ಗಳ ಗುಂಪು) ಸೀರಿಯಲ್ ಪೋರ್ಟಿನಲ್ಲಿ ಪಿಸಿಗೆ ಕಳಿಸ್ತೀವಿ. ಅದಕ್ಕೇನೂ ತೊಂದರೆ ಇಲ್ಲ ಅಲ್ವಾ?

ಮೇಡಂ: ಇದೆ. ಬೂಲ್ ಎಷ್ಟು ಬೈಟ್ ಅನ್ನೋದು ಕಂಪೈಲರ್‌ಗೆ ಬಿಟ್ಟದ್ದು. ಬೋರ್ಡಿನ ಕ್ಯಾರ್‌ನಲ್ಲಿ 2 ಇದ್ದು, ಅದು ಹಾಗೇ ಪಿಸಿಯ ಬೂಲ್ ಒಳಗೆ ಬಂದು ಕೂತರೆ ಇಫ್ ಯಾವ ಕಡೆ ಹೋಗುತ್ತದೋ ಹೇಳೋಕಾಗಲ್ಲ. ಒಂದು ಬೈಟ್ ಅಂತ ಕಳಿಸಿ, ಆಚೆ ಕಡೆ != 0 ಮಾಡಿ ತಗೊಳ್ಳಿ. ಸ್ಟ್ರಕ್ಟ್ ಪೂರ್ತಿ ಇಲ್ಲಿ ಹಾಕಿ. ಫೋಟೊ ಬೇಡ, ಟೈಪ್ ಮಾಡಿ.